ಗಂಗಾಧರಯ್ಯ ಸಾರ್ ಊಟ ಬಿಟ್ಟ ಕೆರೆ

ಮಧುಗಿರಿ

ನಮ್ಮ ಕಡೆ ಸಮುದ್ರ ಅಂದರೆ ಬಲಸಮುದ್ರ, ಪಾವಗಡ ತಾಲ್ಲೂಕಿನ ಒಂದು ಊರು. ಈಗ ಅದರ ಸುತ್ತಲೂ ಸೋಲಾರ್ ಪ್ಲೇಟು ಹಾಸಿದ್ದಾರೆ. ಮಧ್ಯಾಹ್ನದ ಹೊತ್ತು ಬಸ್ಸಿನಿಂದ ನೋಡಿದರೆ ನೀಲಿ ನೀರಿನ ಹಾಗೇ ಹೊಳೆಯುತ್ತದೆ. ಒಮ್ಮೊಮ್ಮೆ ಕೊಕ್ಕರೆಗಳೂ ಮೋಸಹೋಗಿ ಇಳಿಯಲು ಬಂದು, ಕಾವು ತಗುಲಿ ಬೈದುಕೊಂಡು ಹಾರಿಹೋಗುತ್ತವೆ. ಬೈಯುವುದು ತೆಲುಗಿನಲ್ಲಿ ಅಂತ ನನ್ನ ಅಂದಾಜು. ಆ ಬೈಗುಳವನ್ನು ನಾನು ಕೊಕ್ಕರೆಯ ದನಿಯಲ್ಲೇ ಮಾಡಿ ತೋರಿಸಬಲ್ಲೆ.

ದನಿ ಕದಿಯುವುದು ನನಗೆ ಚಿಕ್ಕಂದಿನಿಂದ ಬಂದ ಚಟ. ಬಸ್ ಕಂಡಕ್ಟರ್, ಹಾಸ್ಟೆಲ್ ವಾರ್ಡನ್, ಹಾಲಿನ ಡೇರಿಯ ಮೈಕು, ನಮ್ಮಮ್ಮ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೋಳಿ ಓಡಿಸುವುದು, ಯಾವುದನ್ನೂ ಬಿಟ್ಟಿಲ್ಲ. ನನ್ನ ಹೆಸರು ಓಬಳೇಶ; ಈ ಹೆಸರನ್ನು ಹಾಜರಿ ಕೂಗುವಾಗ ಮೇಷ್ಟ್ರುಗಳು ಆಕಳಿಸುವ ರೀತಿಯನ್ನೂ ಮಾಡುತ್ತೇನೆ. ಮಾಡಲಿಕ್ಕಾಗದ ದನಿ ಒಂದೇ, ನಮ್ಮ ತಾತನದು. ಅದು ಎಷ್ಟು ಸಣ್ಣದೆಂದರೆ ಹಿಡಿದುಕೊಳ್ಳಲು ಅದಕ್ಕೆ ಹಿಡಿಯೇ ಇಲ್ಲ.

ನಾನು ಓದುವುದು ಮಧುಗಿರಿಯ ಜೂನಿಯರ್ ಕಾಲೇಜಿನಲ್ಲಿ. ಬೇಸಿಗೆಯಲ್ಲಿ ನಾವು ಕೆಲವರು ಕೆರೆಯ ಜಾಲಿ ಕಡಿಯುವ ಶ್ರಮದಾನಕ್ಕೆ ಹೋಗಿದ್ದೆವು. ಕೆರೆಗಳ ಕೆಲಸ ಮಾಡುವ ಒಂದು ಸಂಸ್ಥೆಯವರು ಅದನ್ನು ನೋಡಿ, ‘ಶ್ರೀಲಂಕಾದಲ್ಲೂ ಒಂದು ಕೆರೆಯಿದೆ, ಬರ್ತೀರಾ?’ ಅಂದರು. ನಾನು ಜಾಲಿ ಕಡಿದದ್ದಕ್ಕಿಂತ ಕಡಿಯುವವರನ್ನು ಅಣಕಿಸಿದ್ದೇ ಹೆಚ್ಚು. ಆದರೂ ಹೆಸರು ಬಂತು. ಶಿರಾದ ಮುಬಾರಕ್, ಕೊರಟಗೆರೆಯ ಕಾವ್ಯ, ಇನ್ನೂ ಒಂದಷ್ಟು ಜನ. ನಮ್ಮನ್ನು ಕಾಯಲಿಕ್ಕೆ ಇತಿಹಾಸದ ಗಂಗಾಧರಯ್ಯ ಸಾರ್.

ಪಾಸ್‌ಪೋರ್ಟಿನ ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಸಾರ್ ಬೈಕಿನಲ್ಲಿ ವೈ.ಎನ್.ಹೊಸಕೋಟೆ ದಾಟಿ, ನಮ್ಮೂರಿಗೆ, ನಮ್ಮ ಕೇರಿಗೇ ಬಂದುಬಿಟ್ಟರು. ಅಮ್ಮ ಬೇವಿನ ಮರದಡಿ ಕುರ್ಚಿ ಹಾಕಿದಳು, ಟೀ ತಂದಳು.

“ಪೂಜೆ ಆಗಿಲ್ಲ ಕಣಮ್ಮ” ಅಂದರು ಸಾರ್.

ಅದು ಸುಳ್ಳಲ್ಲ. ಅವರು ಕೊರಳಲ್ಲಿ ಇಷ್ಟಲಿಂಗ ಕಟ್ಟುವವರು. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಅವರು ಏನನ್ನೂ ಬಾಯಿಗೆ ಹಾಕುವುದಿಲ್ಲವೆಂದು ಇಡೀ ಕಾಲೇಜಿಗೆ ಗೊತ್ತು. ಟೀ ಅಲ್ಲೇ ಆರಿತು. ಅದು ಪೂಜೆಗಾಗಿ ಆರಿತೋ ಕೇರಿಗಾಗಿ ಆರಿತೋ ಅಂತ ಕೇಳಲು ಟೀಗೆ ಬಾಯಿಲ್ಲ.

ಅಪ್ಪ ಹೊಲದಲ್ಲಿದ್ದ. ಸಾರ್ ಕಾಗದವನ್ನು ತಾತನ ಕಡೆ ಚಾಚಿ, “ಮಗ ಬಂದ್ಮೇಲೆ ಕೊಡಿ ಯಜಮಾನ್ರೇ” ಅಂದರು. ತಾತ ಟವಲ್ಲಿಗೆ ಕೈ ಒರೆಸಿಕೊಂಡು, ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದ:

“ಮುಟ್ಲಾ ಸಾಮಿ?”

“ಅಯ್ಯೋ, ತಗೊಳ್ಳಿ, ತಗೊಳ್ಳಿ” ಅಂದರು ಸಾರ್.

ಅವರು ಹೋದ ಮೇಲೆ ನಾನು ತಾತನನ್ನು ರೇಗಿಸಿದೆ. “ತಾತಾ, ಅದು ಕಾಗ್ದ ಕಣೋ. ಕರೆಂಟ್ ವೈರಲ್ಲ.”

“ಹಳೇ ಅಬ್ಯಾಸ, ಬುಡ್ಲಾ” ಅಂದ ತಾತ. ಆಮೇಲೆ, “ಬುದ್ಧನ ಮರ ಅಲ್ಲೈತಂತಲ್ಲ, ಒಂದೆಲೆ ತಗಂಬಾ” ಅಂದ.

ನಮ್ಮನೆ ಗೋಡೆಯಲ್ಲಿ ಅಪ್ಪ ತಂದ ಬುದ್ಧನ ಪಟವಿದೆ. ಪಕ್ಕದಲ್ಲಿ ತಾತ ತೆಗೆಯಲು ಬಿಡದ ಮಾರಮ್ಮನ ಪಟವಿದೆ. ಇಬ್ಬರೂ ಒಂದೇ ಮೊಳೆಯನ್ನು ಹಂಚಿಕೊಂಡು ಸುಮ್ಮನಿದ್ದಾರೆ.

ವಿಮಾನ ನಿಲ್ದಾಣ

ಹೊರಡುವ ಮೊದಲು ಸ್ಟಾಫ್ ರೂಮಿನಲ್ಲಿ ಯಾರೋ ಸಾರ್ ಕಿವಿಯಲ್ಲಿ ಒಂದು ಹುಳ ಬಿಟ್ಟಿದ್ದರು. ಬೆಳ್ಳಿ ಕರಡಿಗೆಯಲ್ಲಿ ಲಿಂಗ ಇಟ್ಟುಕೊಂಡು ಹೋದರೆ ಯಂತ್ರ ಕೂಗುತ್ತದೆ. ಆಗ ಕರಡಿಗೆಯನ್ನು ಕಳಚಿ, ಬೆಲ್ಟು ಬೂಟುಗಳ ಜೊತೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಾಕಬೇಕು.

“ಬೂಟಿನ್ ಜೊತೇಗಾ!” ಅಂತ ಸಾರ್ ಬೆವತುಹೋದರಂತೆ. ಅದಕ್ಕೇ ಮೊಟ್ಟೆಯಾಕಾರದ ಆ ಬೆಳ್ಳಿಯ ಪುಟ್ಟ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಸ ದಾರ ಹಾಕಿ ಕಟ್ಟಿಕೊಂಡು ಬಂದಿದ್ದರು.

ಯಂತ್ರ ಕೂಗಿತು. ಕೂಗಿದ್ದು ಅವರ ಪಂಚೆಯ ಬೆಲ್ಟಿಗೆ. ತಪಾಸಣೆಯವನು ಎದೆಯ ಮೇಲೆ ಕೈಯಾಡಿಸಿ, ಬಟ್ಟೆಯ ಗಂಟು ತಗುಲಿದ್ದೇ ಕೈ ಹಿಂದೆ ತೆಗೆದು, “ಲಿಂಗ ಏನ್ರೀ ಸರ? ಹೋಗ್ರಿ, ಹೋಗ್ರಿ. ಬೆಳ್ಳೀದಿದ್ರೂ ಬಿಡ್ತಿದ್ವಿರಿ” ಅಂದ. ಹುಬ್ಬಳ್ಳಿ ಕಡೆಯವನು. ಸಾರ್ ಮುಖ ನೋಡುವ ಹಾಗಿತ್ತು. ವಿಮಾನ ಏರುವ ಮೊದಲೇ ನಾನು ಆ ಮುಖವನ್ನು ಮಾಡಿ ಮುಬಾರಕನಿಗೆ ತೋರಿಸಿದೆ.

“ಬೇಡ ಕಣೋ, ಪಾಪ ಬರ್ತದೆ” ಅಂದ ಅವನು, ನಗುತ್ತ.

ಮೋಡದ ಕೆಳಗೆ ನಿಜವಾದ ಸಮುದ್ರ ಕಂಡಾಗ ನನಗೆ ಮೊದಲು ಅನ್ನಿಸಿದ್ದು, ‘ಅಬ್ಬಾ, ಇಷ್ಟೊಂದು ಪ್ಲೇಟು ಯಾರು ಹಾಕಿದರು?’

ಅನುರಾಧಪುರ

ಬಿಸಿಲು ನಮ್ಮದೇ, ಪಾವಗಡದ್ದು. ಕಲ್ಲಿನ ಮೇಲೆ ಬರಿಗಾಲು, ಅಂಗಾಲು ಹಪ್ಪಳ. ಉಳಿದದ್ದೆಲ್ಲ ಬೇರೆ. ಸಾವಿರಾರು ಜನ ಬಿಳಿ ಬಟ್ಟೆಯಲ್ಲಿ, ಕೈಯಲ್ಲಿ ತಾವರೆ ಹಿಡಿದು ನಡೆಯುತ್ತಿದ್ದಾರೆ. ಒಬ್ಬರೂ ಕೂಗುವುದಿಲ್ಲ. ಕೂಗದ ಜನರನ್ನು ಅಣಕಿಸುವುದು ಹೇಗೆ? ನನಗೆ ಅಲ್ಲಿ ನಿರುದ್ಯೋಗ.

ಅಲ್ಲಿನವರ ಒಂದು ಅಭ್ಯಾಸ ನನ್ನ ಕಣ್ಣಿಗೆ ಬಿತ್ತು. ದೊಡ್ಡವರಿಗೆ ಏನೇ ಕೊಡಲಿ, ಹೂವಾಗಲಿ ನೀರಿನ ಲೋಟವಾಗಲಿ, ಎರಡೂ ಕೈಯಲ್ಲಿ ಕೊಡುತ್ತಾರೆ. ತೆಗೆದುಕೊಳ್ಳುವಾಗಲೂ ಎರಡೂ ಕೈ. ನಮ್ಮಲ್ಲಿ ಕೆಲವರ ಕೈಗೆ ಎಲೆ ಅಡಿಕೆ ಮೇಲಿನಿಂದ ಬೀಳುವುದನ್ನು ನೋಡಿ ಬೆಳೆದವನು ನಾನು. ಆ ಕೈಗಳನ್ನು ಸುಮ್ಮನೆ ನೋಡುತ್ತ ನಿಂತುಬಿಟ್ಟೆ.

ಬುದ್ಧನ ಗುಡಿಯ ಪಕ್ಕದಲ್ಲೇ ವಿಷ್ಣುವಿನ ಗುಡಿಯೂ ಇತ್ತು. “ನಮ್ಮನೆ ಗೋಡೆ ಇದ್ದಂಗೈತಲ್ಲೋ” ಅಂದೆ. ಮುಬಾರಕನಿಗೆ ಅರ್ಥವಾಗಲಿಲ್ಲ.

ಬೋಧಿವೃಕ್ಷದ ಎಲೆ ಕೀಳುವ ಹಾಗಿಲ್ಲ. ತಾನಾಗಿ ಉದುರಿದರೆ ಎತ್ತಿಕೊಳ್ಳಬಹುದು. ಉದುರಲಿ ಅಂತ ಜನ ಕತ್ತೆತ್ತಿ ಕಾಯುತ್ತ ಕೂತಿದ್ದರು. ನಾನೂ ಕೂತೆ. ನನ್ನ ಕತ್ತು ನೋಯುವಷ್ಟು ಹೊತ್ತಾದ ಮೇಲೆ ಒಂದೆಲೆ ಸುತ್ತುತ್ತ ಬಂದು, ಏನೂ ಕೇಳಿಕೊಳ್ಳದೆ ಮೊಬೈಲ್ ನೋಡುತ್ತ ನಿಂತಿದ್ದ ಮುಬಾರಕನ ಹೆಗಲ ಮೇಲೆ ಕೂತಿತು. ಸುತ್ತಲಿನವರೆಲ್ಲ ಅವನಿಗೆ ಕೈಮುಗಿದರು.

“ಅರೇ, ನಾನೇನ್ ಮಾಡ್ದೆ?” ಅಂತ ಹೆದರಿ, ಎಲೆಯನ್ನು ನನ್ನ ಕೈಗೆ ತುರುಕಿದ. “ತಗಳ್ಳಪ್ಪ, ನಿಮ್ ದಾದಾಗೆ ಕೊಡು. ನಮ್ಮನೇಲಿ ಇದ್ನ ಎಲ್ಲಿಡ್ಲಿ?”

ಊಟದ್ದೇ ಸಾರ್‌ಗೆ ಕಷ್ಟ. ಕಾಯಿಚಟ್ನಿಯಲ್ಲೂ ಒಣಮೀನಿನ ಪುಡಿ ಹಾಕುವ ಊರದು. ತಟ್ಟೆ ಬಂದಾಗಲೆಲ್ಲ ಎದೆಯ ಗಂಟಿನ ಮೇಲೆ ಬಲಗೈ ಇಟ್ಟು, “ಅಂದ್ರೆ ಏನಪ್ಪಾ ಅಂದ್ರೆ, ಇದ್ರೊಳಗೆ ಏನೂ ಇಲ್ಲ ತಾನೆ?” ಅನ್ನುವರು. ನನಗೆ ಬಂಗಾರದಂಥ ಸಾಮಾನು ಸಿಕ್ಕಿತು. ಎರಡು ಹೊತ್ತಿನೊಳಗೆ ಅವರ ಕೈ, ಹುಬ್ಬು, ದನಿ ಮೂರೂ ನನ್ನವಾದವು.

ಕೆರೆ

ಊರು ಅನುರಾಧಪುರದಿಂದ ಇನ್ನೂ ಒಳಗೆ. ಏರಿಯ ಮೇಲೆ ಹೊಳೆಮತ್ತಿ ಮರಗಳ ಸಾಲು, ಅದರಾಚೆ ಕೆರೆ. ನಮ್ಮ ಕೆರೆಗಳಲ್ಲಿ ಜಾಲಿ ಬೆಳೆಯುತ್ತದೆ. ಇವರದರಲ್ಲಿ ನೀರು ಬೆಳೆದಿತ್ತು. ಅದರ ಅರ್ಧವನ್ನು ಅಂತರಗಂಗೆ ಕಳೆ ಮುಚ್ಚಿತ್ತು. ಅದನ್ನು ತೆಗೆಯುವುದೇ ನಮ್ಮ ಸೇವೆ.

ಊರಿನ ರೈತರ ಮುಂದಾಳು ಬಂಡಾರ ಎಂಬವನು. ನಮ್ಮದು ಅವನದು ಒಂದೇ ಇಂಗ್ಲಿಷು, ಇಬ್ಬರದೂ ಕುಂಟುತ್ತಿತ್ತು. “ಕ್ರೊಕೊಡೈಲ್ ಹ್ಯಾವ್. ಸ್ಮಾಲ್. ನೋ ಪ್ರಾಬ್ಲಂ” ಅಂದ.

“ಅಂದ್ರೆ ಏನಪ್ಪಾ ಅಂದ್ರೆ, ಅದು ದೊಡ್ಡದಾಗೋದ್ರೊಳಗೆ ಕೆಲಸ ಮುಗಿಸ್ಬೇಕು” ಅಂದರು ಸಾರ್.

ಕೆಲಸದ ರೀತಿ ಹೀಗೆ: ಕಳೆಯ ಸುತ್ತ ಉದ್ದನೆಯ ಹಗ್ಗ ಹಾಯಿಸಿ, ದಡದಿಂದ ಎಲ್ಲರೂ ಒಟ್ಟಿಗೆ ಎಳೆಯುವುದು. ಕೆಲವರು ಎದೆಮಟ್ಟ ನೀರಿಗಿಳಿದು ಹಿಂದಿನಿಂದ ತಳ್ಳಬೇಕು. ಮಕ್ಕಳು ಇಳಿಯಬಾರದೆಂದು ಸಾರ್ ತಾವೇ ಪಂಚೆ ಎತ್ತಿಕಟ್ಟಿ ಇಳಿದರು. ಅವರು ಹಾಗೆ ಇಳಿದಾರೆಂದು ಯಾರೂ ಅಂದುಕೊಂಡಿರಲಿಲ್ಲ. ದಡದಿಂದ ನಾವು ‘ಐಸಾ’ ಅಂದರೆ ಊರಿನವರು ತಮ್ಮ ಭಾಷೆಯಲ್ಲಿ ಇನ್ನೇನೋ ಅನ್ನುವರು. ಎರಡೂ ಸೇರಿ ಕಳೆ ಚಾಪೆಯ ಹಾಗೆ ಸುರುಳಿಯಾಗಿ ದಡಕ್ಕೆ ಬರುತ್ತಿತ್ತು. ಸಾರ್ ತೋಳ ತುಂಬ ಕಳೆ ಅಪ್ಪಿಕೊಂಡು ಬಂದು ದಡದ ರಾಶಿಗೆ ಎಸೆಯುವುದನ್ನು ನೋಡಿ ಕಾವ್ಯ, “ಸಾರ್ ಮನೇಲಿ ಮೇಡಂ ನೋಡಿದ್ರೆ ಇನ್ಮೇಲೆ ಬಟ್ಟೆ ಒಗೆಯೋ ಕೆಲಸ ಇವ್ರಿಗೇ” ಅಂದಳು.

ಊಟದ ಹೊತ್ತಿಗೆ ಸಾರ್ ತೂಬಿನ ಬಳಿ ಸ್ನಾನಕ್ಕೆ ಹೋದರು. ನಾನು ಈಚೆ ಊರಿನ ಮಕ್ಕಳಿಗೆ ಆಟ ತೋರಿಸುತ್ತಿದ್ದೆ: ಎದೆಯ ಮೇಲೆ ಬಲಗೈ, ಮೇಲೆದ್ದ ಹುಬ್ಬು, ‘ಅಂದ್ರೆ ಏನಪ್ಪಾ ಅಂದ್ರೆ’. ಮಕ್ಕಳು ನನ್ನ ಕಡೆ ಒಮ್ಮೆ, ತೂಬಿನ ಕಡೆ ಒಮ್ಮೆ ನೋಡಿ ನಗುತ್ತಿದ್ದರು. ತಿರುಗಿ ನೋಡಿದೆ. ಅಲ್ಲಿ ಸಾರ್ ಕೂಡ ಎದೆ ಮುಟ್ಟಿಕೊಳ್ಳುತ್ತಿದ್ದರು. ಬನಿಯನ್ನಿನೊಳಗೆ ಕೈ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನನ್ನ ಕೈ ನನ್ನ ಎದೆಯ ಮೇಲೆಯೇ ಉಳಿಯಿತು.

ಕೊರಳಲ್ಲಿ ದಾರವಿರಲಿಲ್ಲ.

ಅದೇ ಮಧ್ಯಾಹ್ನ

“ನೀವು ಊಟ ಮಾಡ್ರಪ್ಪ” ಅಂತ ಸಾರ್ ಏರಿಯ ಮೇಲೆ ಹೋಗಿ ಕೂತರು. ಬೆಳ್ಳಿ ಕರಡಿಗೆಯಾಗಿದ್ದರೆ ಗಟ್ಟಿ ದಾರ, ಗಟ್ಟಿ ಕೊಂಡಿ ಇರುತ್ತಿತ್ತು. ಹೊಸ ದಾರ ಕಳೆಯ ಬೇರಿಗೆ ಸಿಕ್ಕಿ ಹರಿದಿತ್ತು.

ಕಾವ್ಯಳ ಹತ್ತಿರ ಸಾರ್‌ರ ಸಕ್ಕರೆ ಕಾಯಿಲೆಯ ಮಾತ್ರೆ ಇತ್ತು. ಮೇಡಂ ಅವಳ ಕೈಗೇ ಕೊಟ್ಟು ಕಳಿಸಿದ್ದರು. “ಸಾರ್, ಊಟ ಬಿಟ್ರೆ ಮಾತ್ರೆ ಕೊಡಂಗಿಲ್ಲ. ಮಾತ್ರೆ ಬಿಟ್ರೆ ನಾನ್ ಮೇಡಂಗೆ ಮುಖ ತೋರ್ಸಂಗಿಲ್ಲ.”

“ನೀರು ಕುಡೀತೀನಿ ಕಣಮ್ಮ. ಅದು ಸಿಗೋವರ್ಗೂ ಅನ್ನ ಗಂಟ್ಲಲ್ಲಿ ಇಳಿಯಲ್ಲ.”

ಬಂಡಾರನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು. “ಸಾರ್ ಗಾಡ್. ಸ್ಮಾಲ್ ಗಾಡ್. ನೆಕ್ ಗಾಡ್. ಲಾಸ್ಟ್. ಸಾರ್ ನೋ ಈಟ್” ಅಂದೆ. “ಗೋಲ್ಡ್?” ಅಂದ ಅವನು. “ನೋ ಗೋಲ್ಡ್. ಸ್ಟೋನ್” ಅಂದೆ. ಅವನು ಅದನ್ನು ಸಿಂಹಳಕ್ಕೆ ತಿರುಗಿಸಿ ತನ್ನ ತಾಯಿಗೆ ಹೇಳಿದ. ಅವರನ್ನು ಇಡೀ ಊರು ಆಚ್ಚಿ ಅನ್ನುತ್ತದೆ, ಅಜ್ಜಿ ಅಂತ. ಆಚ್ಚಿ ಅದನ್ನು ಕೇಳಿದ್ದೇ ತಮ್ಮ ಮುಂದಿದ್ದ ತಟ್ಟೆಯನ್ನು ಬದಿಗೆ ಸರಿಸಿದರು. ಅದನ್ನು ನೋಡಿ ಬಂಡಾರ ಸರಿಸಿದ. ಕಾವ್ಯ ಸರಿಸಿದಳು. ನಾನೂ ಸರಿಸಿದೆ. ಕೊನೆಗೆ ಮುಬಾರಕ್ ತನ್ನ ತಟ್ಟೆಯನ್ನು ಬಹಳ ಹೊತ್ತು ನೋಡಿ, “ಯಾರ್, ರಂಜಾನ್ನಾಗೂ ಸಂಜೆಗೆ ಬಿಡ್ತೀವಿ ಕಣೋ” ಅಂತ ದೂಡಿದ.

ಸಂಜೆಯವರೆಗೂ ಕೆರೆಯಲ್ಲೇ. ಊರಿನ ಹೆಂಗಸರು ಅಕ್ಕಿ ಜಾಲಿಸುವ ಬುಟ್ಟಿ ತಂದು ಕೆಸರು ಜಾಲಿಸಿದರು. ಸಣ್ಣ ಮೊಸಳೆಯ ನೆನಪು ಯಾರಿಗೂ ಬರಲಿಲ್ಲ. ಸಿಕ್ಕಿದ್ದು ಒಂದು ಚಮಚ, ಹಳೆಯ ಬಳೆ, ಯಾರದೋ ಚಪ್ಪಲಿ. ಕತ್ತಲಾಗುವಾಗ ಬಂಡಾರ ಹಣ್ಣು ತಂದು ಸಾರ್ ಮುಂದೆ ಎರಡೂ ಕೈಯಲ್ಲಿ ಹಿಡಿದ. ಸಾರ್ ಎರಡೂ ಕೈ ಮುಗಿದರು.

ಆ ಸಂಜೆ ನಾನು ಯಾರ ದನಿಯನ್ನೂ ಮಾಡಲಿಲ್ಲ. “ಏನ್ಲಾ, ಹುಷಾರಿಲ್ವಾ?” ಅಂದ ಮುಬಾರಕ್.

ಮಾರನೆಯ ದಿನ

ಬೆಳಿಗ್ಗೆ ಸಾರ್ ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಮೈಯೆಲ್ಲ ತಣ್ಣನೆ ಬೆವರು. ಬಂಡಾರ ಆಸ್ಪತ್ರೆಗೆ ಕರೆದೊಯ್ಯಲು ಆಟೋ ತಂದು ಏರಿಯ ಕೆಳಗೆ ನಿಲ್ಲಿಸಿದ. ಸಾರ್ ಏಳಲಿಲ್ಲ. “ಇನ್ನೊಂದ್ಸಲ ನೋಡ್ರಪ್ಪ, ಆಮೇಲೆ ನೀವು ಹೇಳ್ದಂಗೆ” ಅಂದರು. ಅವರು ನಮಗೆ ಹಾಗೆ ಬೇಡಿದ್ದು ಅದೇ ಮೊದಲು. ನನಗೆ ಭಯವಾಯಿತು.

ಕಾವ್ಯ ಸೊಂಟಕ್ಕೆ ಕೈಯಿಟ್ಟು ದಡದ ರಾಶಿ ನೋಡುತ್ತ ನಿಂತಳು. “ಲೇ ಓಬ್ಳೇಶ, ನಮ್ಮಜ್ಜಿ ರಾಗಿ ಕೇರ್ವಾಗ ಮೂಗ್‌ಬೊಟ್ಟು ಬಿದ್ದೋಗಿತ್ತು. ಮನೆಯೆಲ್ಲ ಹುಡುಕಿದ್ವಿ. ಸಿಕ್ಕಿದ್ದು ಹೊಟ್ಟಿನ ಗುಡ್ಡೇಲಿ. ದಾರ ಬೇರಿಗೆ ಸಿಕ್ಕಿ ಹರೀತು ಅಂದ್ರೆ, ಬೇರಿನ ಜೊತೇಲೇ ದಡಕ್ ಬಂದಿರ್ಬೇಕಲ್ವಾ?”

ಕೆರೆಯಲ್ಲಿದ್ದವರೆಲ್ಲ ರಾಶಿಗೆ ಬಂದೆವು. ಬಿಸಿಲಿಗೆ ಕಳೆ ಬಾಡಿ, ಬೇರು ಹೆಂಗಸರ ಕೂದಲಿನಂತೆ ಗಂಟುಗಂಟಾಗಿತ್ತು. ಒಂದೊಂದೇ ಬಿಡಿಸಿ ಕೊಡವಿ ಪಕ್ಕಕ್ಕೆ ಹಾಕುತ್ತ ಹೋದೆವು. ಮುಬಾರಕ್ ಆ ಬದಿ, ನಾನು ಈ ಬದಿ. ಒಂದು ಗೊಂಚಲನ್ನು ಎರಡಾಗಿ ಸೀಳಿದೆ. ಕಪ್ಪು ಬೇರಿನ ನಡುವೆ, ಗೂಡಿನಲ್ಲಿ ಕೂತ ಹಾಗೆ, ಕೆಸರು ಬಣ್ಣಕ್ಕೆ ತಿರುಗಿದ ಬಟ್ಟೆಯ ಸಣ್ಣ ಗಂಟು.

ಸಿಕ್ಕಿತು ಅಂತ ಕೂಗಬೇಕಿತ್ತು. ಹಿಡಿದುಕೊಂಡು ಓಡಬೇಕಿತ್ತು. ನನ್ನ ಕೈ ಅರ್ಧಕ್ಕೇ ನಿಂತಿತು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡೆ, ಮತ್ತೊಮ್ಮೆ ಒರೆಸಿಕೊಂಡೆ. ಏರಿಯ ಮೇಲೆ ಕೂತಿದ್ದ ಸಾರ್ ಕಡೆ ನೋಡಿ, ನನ್ನ ಬಾಯಿಂದ ಬಂದದ್ದು ಇಷ್ಟೇ:

“ಸಾರ್... ಇಲ್ಲೈತೆ. ಮುಟ್ಲಾ ಸಾರ್?”

ಸಾರ್ ಎದ್ದುನಿಂತರು. ಯಾರಿಗೂ ಏನೂ ಅರ್ಥವಾಗಲಿಲ್ಲ. ಸಿಕ್ಕಿದೆ, ಹುಡುಗ ಎತ್ತುತ್ತಿಲ್ಲ, ಯಾಕೆ? ಬಂಡಾರ ನನ್ನನ್ನು ನೋಡಿದ, ಸಾರ್‌ರನ್ನು ನೋಡಿದ. ನಾನು ಕೂತಲ್ಲೇ ಕೂತಿದ್ದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು ಅನ್ನುವುದು ಅವರಲ್ಲಿ ಎಲ್ಲರಿಗೂ ಇರುವ ಕಟ್ಟಳೆ. ಅದು ನನಗೆ ಗೊತ್ತಿತ್ತು. ಆದರೆ ಅದೇ ಗಂಟು ರಾಶಿಯ ಆ ಬದಿಯಲ್ಲಿ ಸಿಕ್ಕಿದ್ದರೆ ಮುಬಾರಕ್ ಏನೂ ಕೇಳದೆ ಎತ್ತಿಕೊಂಡು ಓಡಿರುತ್ತಿದ್ದ. ಅದೂ ನನಗೆ ಗೊತ್ತಿತ್ತು.

ಸಾರ್‌ಗೆ ಇಳಿದು ಬರುವಷ್ಟು ಕಸುವಿರಲಿಲ್ಲ. ಮರ ಹಿಡಿದುಕೊಂಡರು. ತರಗತಿಯಲ್ಲಿ ಎಂದೂ ಕೇಳದ, ಅವರ ಹಳ್ಳಿಯ ಒಣಗಂಟಲಿನ ದನಿಯಲ್ಲಿ ಹೇಳಿದರು:

“ಎತ್ಕಂಡ್ ಬಾರೋ.”

ಎರಡೂ ಅಂಗೈಯಲ್ಲಿ ಎತ್ತಿಕೊಂಡೆ. ಗುಬ್ಬಿಮರಿಯಷ್ಟು ಭಾರ. ದಡದಿಂದ ಏರಿಗೆ ಇರುವುದು ಸ್ವಲ್ಪವೇ ದೂರ. ಅಷ್ಟು ನಿಧಾನವಾಗಿ ನಾನು ಜೀವನದಲ್ಲಿ ನಡೆದಿಲ್ಲ. ಆಚ್ಚಿ ಚಪ್ಪಲಿ ಬಿಟ್ಟು ನಿಂತರು. ಸಾರ್ ಎರಡೂ ಕೈ ಚಾಚಿದರು. ಗಂಟು ಕೈದಾಟುವಾಗ ಅವರ ಬೆರಳು ನನ್ನ ಬೆರಳನ್ನು ಮುಟ್ಟಿತು. ಅವರು ಅವಸರ ಮಾಡಲಿಲ್ಲ.

“ನಮ್ಮನೆಯೋರೂ ಇದ್ನ ಮುಟ್ಟಿಲ್ಲ ಕಣೋ” ಅಂದರು ಮೆಲ್ಲಗೆ. “ಊರಲ್ಲಿ ಹೇಳ್ಬೇಡ. ನನ್ನನ್ನ ಮನೆಗ್ ಸೇರ್ಸಲ್ಲ.”

ಆಚ್ಚಿಯ ಮನೆ

ಸಾರ್ ಸ್ನಾನ ಮಾಡಿ, ಲಿಂಗ ತೊಳೆದು, ಅಂಗೈಯಲ್ಲಿಟ್ಟುಕೊಂಡು ಕೂತರು. ಅಂಗಳದ ತುಂಬ ಬುದ್ಧನ ಜನ ಕೈಮುಗಿದು ಸುಮ್ಮನೆ ಕೂತಿದ್ದರು. ಅವರಿಗೆ ಅದೇನು ಅಂತ ಗೊತ್ತಿಲ್ಲ. ಯಾರೋ ಏನನ್ನೋ ಮನಸಿಟ್ಟು ಮಾಡುತ್ತಿದ್ದಾರೆ, ಅಷ್ಟು ಸಾಕು ಅನ್ನುವ ಹಾಗೆ ಕೂತಿದ್ದರು.

ಆಮೇಲೆ ಆಚ್ಚಿ ತಟ್ಟೆ ತಂದಿಟ್ಟರು. ನಮ್ಮ ಕಣ್ಣಿನ ಮೇಲೆ ನಮಗೇ ನಂಬಿಕೆ ಬರಲಿಲ್ಲ. ತಟ್ಟೆಯ ನಡುವೆ ಕಪ್ಪಗೆ, ಗುಂಡಗೆ, ಹಬೆಯಾಡುತ್ತ ಕೂತಿದ್ದದ್ದು ರಾಗಿಮುದ್ದೆ! ಅಲ್ಲಿ ರಾಗಿಗೆ ಕುರಕ್ಕನ್ ಅಂತಾರೆ, ಮುದ್ದೆಗೆ ತಲಪ ಅಂತಾರೆ. ನಾವು ಸಮುದ್ರ ದಾಟುವ ಮೊದಲೇ ಮುದ್ದೆ ದಾಟಿತ್ತು.

“ಕನ್ನ, ಕನ್ನ” ಅಂದರು ಆಚ್ಚಿ. ತಿನ್ನು, ತಿನ್ನು ಅಂತ.

ಸಾರ್ ಎದೆಯ ಮೇಲೆ ಕೈಯಿಟ್ಟರು. ಗಂಟು ಅಲ್ಲಿತ್ತು. ಪಲ್ಯದ ಕಡೆ ನೋಡಿ, “ಇದ್ರೊಳಗೆ...” ಅಂತ ಶುರು ಮಾಡಿ, ನಾವೆಲ್ಲ ಒಟ್ಟಿಗೆ “ಏನೂ ಇಲ್ಲ ಸಾರ್!” ಅಂದಾಗ ನಕ್ಕರು. ಮುದ್ದೆ ಮುರಿದರು, ಅದ್ದಿದರು, ನುಂಗಿದರು. ಕಾವ್ಯ ಮಾತ್ರೆ ಹಿಡಿದು ಪಕ್ಕದಲ್ಲೇ ಪೊಲೀಸಿನವಳಂತೆ ನಿಂತಿದ್ದಳು.

ಹೊಟ್ಟೆ ತುಂಬಿದ ಮೇಲೆ ಸಾರ್‌ಗೆ ಖುಷಿ ಬಂತು. “ಏನ್ರೋ, ಇವ್ನು ಎಲ್ರುನೂ ಅಣಕಿಸ್ತಾನೆ. ಇವ್ನನ್ನ ಯಾರೂ ಅಣಕಿಸಂಗಿಲ್ವಾ?” ಅಂತ ಎದ್ದು, ಮೊಣಕಾಲು ಬಗ್ಗಿಸಿ, ಕೈಯನ್ನು ಪಂಚೆಗೆ ಒರೆಸಿ, ಅರ್ಧ ಚಾಚಿ, ಕತ್ತು ಓರೆ ಮಾಡಿ, ಸಣ್ಣ ದನಿಯಲ್ಲಿ ಅಂದರು:

“ಮುಟ್ಲಾ ಸಾರ್?”

ಮುಬಾರಕ್ ಬಿದ್ದು ಬಿದ್ದು ನಕ್ಕ. ಸಾರ್ ತುಂಬ ಚೆನ್ನಾಗಿ ಮಾಡಿದ್ದರು. ಎಷ್ಟು ಚೆನ್ನಾಗಿ ಎಂದರೆ ನನಗೆ ಬೇವಿನ ಮರ ಕಂಡಿತು, ಕುರ್ಚಿ ಕಂಡಿತು, ಆರುತ್ತಿದ್ದ ಟೀ ಕಂಡಿತು. ವರ್ಷಗಟ್ಟಲೆ ನನಗೆ ಸಿಗದಿದ್ದ ದನಿ ಅದು. ಕಳೆಯ ರಾಶಿಯ ಮುಂದೆ ಅದು ತಾನಾಗಿ ನನ್ನ ಬಾಯಿಗೆ ಬಂದಿತ್ತು, ನನಗೇ ತಿಳಿದಿರಲಿಲ್ಲ.

ಸಾರ್‌ರ ನಗುವೂ ನಿಂತಿತು. ಚಾಚಿದ ಕೈಯನ್ನು ನೋಡಿಕೊಂಡರು. “ಈ ದನಿ ನಾನು ಎಲ್ಲೋ ಕೇಳಿದೀನಿ ಕಣೋ” ಅಂದರು.

“ನಮ್ ತಾತುಂದು ಸಾರ್.”

ಅವರು ಕೈ ಇಳಿಸಿದರು. ಆಚ್ಚಿ ಇನ್ನೊಂದು ಮುದ್ದೆ ತಂದು ಅವರ ತಟ್ಟೆಗೆ ಹಾಕಿದರು. ಸಾರ್ ಬೇಡ ಅನ್ನಲಿಲ್ಲ.

ನಮ್ಮನೆ

ಎಲೆಯನ್ನು ಎರಡೂ ಕೈಯಲ್ಲಿ ಕೊಟ್ಟೆ. ತಾತ ತಬ್ಬಿಬ್ಬಾಗಿ, “ಇದ್ಯಾಕ್ಲಾ ಇಂಗೆ ಕೊಡ್ತೀಯ?” ಅಂದ. ಆಮೇಲೆ ಅದನ್ನು ಎರಡೂ ಪಟಗಳ ನಡುವೆ ಸಿಕ್ಕಿಸಿದ. ಬುದ್ಧನಿಗೆ ಸೇರಿತೋ ಮಾರಮ್ಮನಿಗೆ ಸೇರಿತೋ ಅವರವರೇ ನೋಡಿಕೊಳ್ಳಲಿ.

ಸಂಜೆ ಬೇವಿನ ಮರದಡಿ ಕೇರಿಯೆಲ್ಲ ಸೇರಿತು. ಸಾರ್‌ರ ಹೆಂಡತಿಯವರೆಗೆ ಮಾತು ಹೋಗುವುದಿಲ್ಲವೆಂದು ಎಲ್ಲರಿಂದ ಆಣೆ ಮಾಡಿಸಿಕೊಂಡು, ಕೆರೆಯನ್ನು ಶುರುವಿನಿಂದ ಮಾಡಿ ತೋರಿಸಿದೆ. ಬಂಡಾರನ ಮೊಸಳೆಗೆ ಅಮ್ಮ ನಕ್ಕಳು, ಮುಬಾರಕನ ರಂಜಾನಿಗೆ ಅಪ್ಪ ನಕ್ಕ. ತಾತ ನಗುವವನಲ್ಲ, ಕಂಬಕ್ಕೆ ಒರಗಿ ಕೇಳುತ್ತಿದ್ದ. ಗಂಟು ಸಿಕ್ಕಿದ್ದನ್ನು ಹೇಳಿದೆ. ನಾನು ಕೇಳಿದ್ದನ್ನು ದನಿ ಮಾಡದೆ ಬರೀ ಮಾತಿನಲ್ಲಿ ಹೇಳಿದೆ. ತಾತ ಕಂಬ ಬಿಟ್ಟು ನೆಟ್ಟಗೆ ಕೂತ.

“ಅದ್ಕೆ ಮೇಷ್ಟ್ರು ಏನಂದ್ರು?”

ಮರ ಹಿಡಿದುಕೊಂಡೆ, ಗಂಟಲು ಒಣಗಿಸಿಕೊಂಡೆ. “ಎತ್ಕಂಡ್ ಬಾರೋ.”

ಕೇರಿಯವರು ಮುಂದೇನಾಯ್ತು, ಮುಂದೇನಾಯ್ತು ಅಂತಿದ್ದರು. ತಾತ ಕೈಯೆತ್ತಿ ಅವರನ್ನು ಸುಮ್ಮನಿರಿಸಿದ. ಅವನು ಹಾಗೆ ಕೈಯೆತ್ತಿದ್ದನ್ನು ನಾನು ನೋಡಿರಲಿಲ್ಲ.

“ಇನ್ನೊಂದ್ ಕಿತ ಅನ್ಲಾ” ಅಂದ.

ಅಂದೆ.